ಅಂಗಿ ಕಿಸೆಯ ಮೊಬೈಲು

ಕಂಪನಿ ಕೊಟ್ಟ ಮೊಬೈಲನ್ನು ನಾನು ಅಂಗಿ ಕಿಸೆಯಿಂದ ಅರ್ಧ ಹೊರಗೆ ಕಾಣುವಂತೆ ಇಟ್ಟುಕೊಂಡು ತಿರುಗುತ್ತಿದ್ದ ಕಾಲ. ಸೋಲಾಪುರದಲ್ಲಿ ಆಗ ಅಂಥದ್ದು ಇದ್ದವರೇ ಕಡಿಮೆ. ಅಕ್ಕಲಕೋಟಕ್ಕೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಪಕ್ಕ ಕುಳಿತಿದ್ದ, ಕಾಕು ಎನ್ನಬಹುದಾದ ವಯಸ್ಸಿನ ಗುರುತಿಲ್ಲದ ಹೆಂಗಸೊಬ್ಬರು ಅದನ್ನೇ ನೋಡುತ್ತಿದ್ದರು.

“ಚಾಲೂ ಅದ ಏನ್ರಿ?”

“ಇಲ್ರಿ ಕಾಕು. ಬ್ಯಾಟರಿ ಉಳೀಲಿ ಅಂತ ಬಂದ್ ಇಟ್ಟೀನಿ.”

“ಮತ್ತ ಯಾರರ ಫೋನ್ ಮಾಡಿದ್ರ?”

“ಭಾಳ ಮಂದಿ ನಂಬರ್ ನೆನಪಿಡ್ತದ್ರಿ,” ಎಂದು ಮಾತು ತಿರುಗಿಸಿದೆ. ಆ ನೆನಪೂ ಭರ್ತಿಯಾಗಿದೆ, ಹೊಸ ಹೆಸರು ಹಾಕಲು ಹಳೆಯದೊಂದನ್ನು ಅಳಿಸಬೇಕು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

“ನಮ್ಮ ಮನಿಯವರೂ ಹಂಗ ನೋಡ್ರಿ,” ಎಂದರು ಕಾಕು. “ಬೆಲ್ಲಾನೂ ತರ್ರಿ ಅಂದ್ರ ಚಹಾಪುಡಿ ಮರೀತಾರ.”

ಮಾನ ಉಳಿಸಿಕೊಳ್ಳಲು ಫೋನ್ ಚಾಲೂ ಮಾಡಿ ತೋರಿಸಿದೆ. ಬ್ಯಾಟರಿಯ ಗೆರೆಗಳೇನೋ ತುಂಬಿದ್ದವು. ಆದರೆ ಸೋಲಾಪುರ ದಾಟಿದರೆ ಟವರ್ ಇಲ್ಲ, ಮಾತಾಡಲು ಆಗುವುದಿಲ್ಲ ಎಂದೂ ಹೇಳಬೇಕಾಯಿತು.

“ಅಂದ್ರ ಹೊಟ್ಟಿ ತುಂಬ್ಯದ, ಕೆಲಸ ಇಲ್ಲ,” ಎಂದು ಕಾಕು ತೀರ್ಪು ಕೊಟ್ಟರು.

ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಕಾಕುವನ್ನು ಕರೆದೊಯ್ಯಲು ಅವರ ಯಜಮಾನರು ಬಂದಿದ್ದರು. ನನ್ನ ಕಿಸೆ ನೋಡಿ ಅವರ ಕಣ್ಣರಳಿತು. ಇಡೀ ದಾರಿಯಲ್ಲಿ ಮೊಬೈಲಿಗೆ ಸಿಕ್ಕ ಮೊದಲ ಮರ್ಯಾದೆ ಅದು.

“ವಾ! ಏನೇನು ಮಾಡ್ತದ್ರಿ ಸಾಹೇಬ್ರ ಇದು?”

ನಾನು ಬಾಯಿ ತೆರೆಯುವ ಮೊದಲೇ ಕಾಕು ಯಜಮಾನರ ಕೈಗೆ ಚೀಲ ಕೊಟ್ಟು ಹೇಳಿದರು: “ಮನ್ಯಾಗ ನೀವು ಮಾಡೂವಷ್ಟ.”

ಯಜಮಾನರು ಅದನ್ನು ಹೊಗಳಿಕೆ ಎಂದುಕೊಂಡು ಹಿಗ್ಗಿದರು. ನಾನು ಮೊಬೈಲನ್ನು ತೆಗೆದು ಬ್ಯಾಗಿನ ತಳಕ್ಕೆ ಹಾಕಿದೆ.