ತಂತಿ ಕಿತ್ತು ಅಳೆಯುವ ರೈಯಾ

ಬೆಳಗಿನ ಆರು ಗಂಟೆ. ಉತ್ತರದ ಹಿಮನಾಡಿನ ಔಲು ನಗರದಲ್ಲಿ ಚಳಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿದೆ. ರೈಯಾ ಕೊರ್ತೆಲಾ ಸೈಕಲ್ಲನ್ನು ಪ್ರಯೋಗಾಲಯದ ಗೋಡೆಗೆ ಒರಗಿಸಿ, ಕೈಗಡಿಯಾರ, ಓಲೆ, ಫೋನುಗಳನ್ನು ಬಾಗಿಲಲ್ಲೇ ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲಿ ಅಳತೆಯ ಕೋಣೆಯೊಳಗೆ ಹೋಗುತ್ತಾರೆ. ಗೋಡೆ, ಸೂರು, ನೆಲ, ಎಲ್ಲೆಲ್ಲೂ ಮೊಳದುದ್ದದ ನೀಲಿ ಸ್ಪಂಜಿನ ಮೊನೆಗಳು. ತಾಗಿದ ರೇಡಿಯೊ ಅಲೆಯನ್ನು ಅವು ನುಂಗುತ್ತವೆ. ಆಡಿದ ಮಾತೂ ಮರಳಿ ಬರುವುದಿಲ್ಲ. ಪ್ರಾರ್ಥನೆಗೆ ಮೊದಲಿನ ಮೌನ ಅಲ್ಲಿದೆ.

ಫೋನೋ ಗಡಿಯಾರವೋ, ತಂತಿಯಿಲ್ಲದೆ ಮಾತಾಡುವ ಯಾವ ಸಾಧನವೇ ಇರಲಿ, ಅದನ್ನು ತಿರುಗುವ ಕಂಬದ ಮೇಲೆ ಕೂರಿಸಿ, ಅದರ ಆಂಟೆನಾ ಯಾವ ದಿಕ್ಕಿಗೆ ಎಷ್ಟು ಬಲವಾಗಿ ಅಲೆ ಬೀರುತ್ತದೆಂದು ಅಳೆಯುವುದು ಅವರ ಕೆಲಸ. ಒಂದಕ್ಕೆ ಮೂರು ಗಂಟೆ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಊರಿನ ಮರದ ಕಾರ್ಖಾನೆ ಮುಚ್ಚಿ ಕೆಲಸ ಹೋದಾಗ ಅವರಿಗೆ ಮೂವತ್ತನಾಲ್ಕು. ಕೈಯಲ್ಲಿ ಇಬ್ಬರು ಮಕ್ಕಳು. ಸಂಜೆ ಶಾಲೆಗೆ ಹೋಗಿ ಇದನ್ನು ಕಲಿತು ಇಪ್ಪತ್ತೇಳು ವರ್ಷವಾಯಿತು. "ಆಗ ಹಲಗೇಲಿ ಗಂಟು ಹುಡುಕ್ತಿದ್ದೆ, ಈಗ ಅಲೇಲಿ ಹುಡುಕ್ತೀನಿ. ಧೂಳು ಕಮ್ಮಿ, ಅಷ್ಟೇ" ಎಂದು ನಗುತ್ತಾರೆ.

ಇಂದು ಕಂಬದ ಮೇಲಿರುವುದು ಕೊರಳಿಗೆ ಕಟ್ಟುವ ಪುಟ್ಟ ಗುಂಡಿ. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಒಂಟಿಯಾಗಿ ಮೀನು ಹಿಡಿಯುವ ಮುದುಕರು ಬಿದ್ದರೆ ಅದನ್ನು ಒತ್ತಿ ನೆರವು ಕರೆಯಬೇಕು. ಸೋಮವಾರ ನಾನೂರು ಗುಂಡಿಗಳು ಹೊರಡಲಿವೆ. ನಿನ್ನೆ ಅಳತೆ ಮಾಡಿದವನು ನಡುವಯಸ್ಸಿನ ಎಂಜಿನಿಯರ್ ಯೂಸ್ಸೊ. ಅದರ ವರದಿ ಹಿಡಿದು ಬಂದಿದ್ದಾನೆ.

"ಸಹಿ ಹಾಕು ರೈಯಾ. ಎಲ್ಲಾ ದಿಕ್ಕಿಗೂ ಭರ್ಜರಿಯಾಗಿದೆ."

"ಹುಣಸೆಬೀಜದಷ್ಟು ಗುಂಡಿಗೆ ಇಷ್ಟು ದೊಡ್ಡ ಗಂಟಲಾ?"

"ನಿನಗೆ ನಿಮ್ಮ ಪಾದ್ರಿ ಮೇಲೂ ಅನುಮಾನ ಕಣೇ!"

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಹೆಂಗಸು ಅವರು. ಕಂಬದ ಹಿಂದೆ ಬಗ್ಗುತ್ತಾರೆ. ಗುಂಡಿಯಿಂದ ಚಾರ್ಜಿನ ತಂತಿ ಜೋತಾಡುತ್ತಿದೆ.

"ಇದ್ಯಾಕೆ ಬಿಟ್ಟೆ?"

"ನಡುವೆ ಬ್ಯಾಟರಿ ಮುಗಿದೀತು ಅಂತ..."

"ಐಸ್ ಮೇಲೆ ಬಿದ್ದಿರೋ ಅಜ್ಜನ ಕೊರಳಿಗೂ ತಂತಿ ಕಟ್ತೀಯೇನೋ ಮಹರಾಯ?"

ಯೂಸ್ಸೊನ ಮುಖ ಸಪ್ಪಗಾಗುತ್ತದೆ. ಅಲೆ ಬೀರುತ್ತಿದ್ದದ್ದು ಬಹುಪಾಲು ಆ ತಂತಿಯೇ! ರೈಯಾ ಅದನ್ನು ಕೀಳುತ್ತಾರೆ. ಮನುಷ್ಯನ ಮೈಯಂತೆ ಅಲೆಯನ್ನು ಹೀರುವ ದ್ರವ ತುಂಬಿದ ಬೊಂಬೆಯ ಎದೆಗೆ ಗುಂಡಿ ಕಟ್ಟಿ ಮತ್ತೆ ಅಳೆಯುತ್ತಾರೆ. ಮೂರು ಗಂಟೆಯ ಮೇಲೆ ಉತ್ತರ ಬರುತ್ತದೆ: ಅಲೆಯ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿದಿದೆ. ಬೆನ್ನಿನ ಕಡೆಗಂತೂ ಬಹುತೇಕ ಏನೂ ಹೋಗುತ್ತಿಲ್ಲ. ಬೋರಲಾಗಿ ಬಿದ್ದವನ ಕೂಗು ಯಾರಿಗೂ ಮುಟ್ಟದು.

ಯೂಸ್ಸೊ ತಾನೇ ತಯಾರಕರಿಗೆ ಫೋನು ಮಾಡಿ ಸೋಮವಾರದ ರವಾನೆ ನಿಲ್ಲಿಸುತ್ತಾನೆ. ಆಂಟೆನಾವನ್ನು ಬೇರೆ ಕಡೆ ಕೂರಿಸಿ ತರಲು ಅವರು ಒಂದು ತಿಂಗಳು ಕೇಳುತ್ತಾರೆ.

"ನಾನೂರು ಮೂಕ ಗುಂಡಿ ಕಳಿಸ್ತಿದ್ದೆ" ಎನ್ನುತ್ತಾನೆ.

"ಕಳಿಸ್ಲಿಲ್ವಲ್ಲ, ಬಿಡು. ನಾನೂ ಒಂದ್ಸಲ ಬೊಂಬೆಗೆ ದ್ರವ ತುಂಬೋದೇ ಮರೆತು, ಏನ್ ಚೆನ್ನಾಗಿದೆ ಅಂತ ಕುಣಿದಿದ್ದೆ."

ಬೇಸಿಗೆಗೆ ರೈಯಾಗೆ ನಿವೃತ್ತಿ. ಇನ್ನೇನು ಆಸೆಯಿದೆ ಎಂದರೆ, ಕಿತ್ತ ತಂತಿಯನ್ನು ಸುತ್ತಿಡುತ್ತ ಹೇಳುತ್ತಾರೆ:

"ಆ ಗುಂಡಿ ಒತ್ತೋ ಕಾಲ ದೇವರು ಯಾರಿಗೂ ತರದೇ ಇರ್ಲಿ. ಆದ್ರೆ ಒತ್ತಿದ್ರೆ, ಬೋರಲು ಬಿದ್ದಿದ್ರೂ ಕೇಳಿಸ್ಬೇಕು. ಅದೊಂದನ್ನ ನಾನೇ ಅಳೆದು ಹೋಗ್ತೀನಿ."