ಸೊಂಟ ಒತ್ತಬೇಡಿ ಎಂದವನು ನಾನೇ

"ಅಳ್ಯಾರು ಬ್ಯಾಡ ಅನ್ನಾಕತ್ತಾರವಾ, ಕೈ ತಗಿ."

ಕಳೆದ ತಿಂಗಳು ಕುಬಿಹಾಳದ ಮಾವನ ಮನೆಯಲ್ಲಿ ನಮ್ಮತ್ತೆ ಆಡಿದ ಮಾತಿದು. ಕೈ ತೆಗೆಯಬೇಕಾದವಳು ಸೂಲಗಿತ್ತಿ ಫಕೀರವ್ವ. ಆ ಕೈ ಇದ್ದದ್ದು ಚೊಚ್ಚಲ ಹೆರಿಗೆಯ ಬೇನೆ ತಿನ್ನುತ್ತಿದ್ದ ನನ್ನ ಹೆಂಡತಿ ಗಿರಿಜಾಳ ಸೊಂಟದ ಮೇಲೆ. ಬೇಡ ಎಂದ ಅಳಿಯ? ನಾನೇ.

ಬೆಳಗಿನ ಬಸ್ಸಿಗೆ ಬಂದಿಳಿದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆ. ಒಳಗಿನಿಂದ ಬಿಸಿ ಔಡಲೆಣ್ಣೆಯ ವಾಸನೆ ಬಂತು. ಏನೆಂದು ವಿಚಾರಿಸಿದೆ. ಫಕೀರವ್ವ ಸೊಂಟಕ್ಕೆ ಎಣ್ಣೆ ಹಚ್ಚಿ ಒತ್ತುತ್ತಿದ್ದಾಳೆ, ಬೇನೆ ತಡೆದುಕೊಳ್ಳಲು ಅನುಕೂಲ ಎಂದರು.

"ಇದೆಲ್ಲ ಅನ್‌ಸೈಂಟಿಫಿಕ್. ಕೂಸಿಗೆ ಅಪಾಯ. ನಾ ಪುಸ್ತಕದಾಗ ಓದೀನ್ರಿ," ಎಂದೆ. (ಎಂ.ಎಸ್ಸಿ. ಮಾಡಿದ್ದೇನೆ. ಸಸ್ಯಶಾಸ್ತ್ರದಲ್ಲಿ!)

ನಮ್ಮ ಕಡೆ ಅಳಿಯನ ಮಾತಿಗೆ ಎದುರಾಡುವ ಪದ್ಧತಿಯಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಅವನೆಂದರೆ ಇಡೀ ಮನೆಯ ನಾಲಿಗೆಗೆ ಉಪ್ಪು ಹೆಚ್ಚಾಗುತ್ತದೆ. ನಾಲ್ಕು ಹೆತ್ತ ಅತ್ತೆಯೂ ಒಳಗೆ ಹೋಗಿ ಕೈ ತೆಗೆಸಿದರು.

ಫಕೀರವ್ವ ಮಾತ್ರ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ನಾ ಹೊಟ್ಟಿ ಮುಟ್ಟಿಲ್ರಿ ಸಾಹೇಬ್ರ. ಬ್ಯಾನಿ ಬಂದಾಗ ಬೆನ್ನಿಗೆ ಅಂಗೈ ಕೊಟ್ಟೀನಿ, ಅಷ್ಟ. ನಿಮ್ಮ ಪುಸ್ತಕಕ್ಕ ಎಂದಾರ ಬ್ಯಾನಿ ಬಂದಿತ್ತೇನ್ರಿ?"

ಒಳಗೆ ಯಾರೋ ಕಿಸಕ್ಕೆಂದರು. ನನಗೆ ಸಿಟ್ಟು ಬಂತು. ಸಂಶಿಯಿಂದ ನರ್ಸಬಾಯಿ ಬರುವವರೆಗೆ ಯಾರೂ ಮುಟ್ಟಕೂಡದು ಎಂದುಬಿಟ್ಟೆ. ಮಾವ ಅವರನ್ನು ಕರೆತರಲು ಚಕ್ಕಡಿ ಕಟ್ಟಿಸಿ ಕಳಿಸಿದರು.

ಗಿರಿಜಾಳ ಕೂಗು ಜೋರಾಯಿತು. ನಾನು ಟ್ರಾನ್ಸಿಸ್ಟರಿನ ದನಿ ಏರಿಸಿದೆ.

ನರ್ಸಬಾಯಿ ಬಂದರು. ಒಳಹೋಗಿ ಪರೀಕ್ಷೆ ಮಾಡಿದರು. ಮರುಗಳಿಗೆಯೇ ಅವರ ದನಿ ಕೇಳಿತು: "ಫಕೀರವ್ವಾ, ಹೊರಗ್ಯಾಕ ಕುಂತೀ? ಬಂದು ಸೊಂಟ ಒತ್ತು. ಹುಡುಗಿ ಅಗದಿ ಒದ್ದಾಡಾಕತ್ತೈತಿ."

ಸ್ವಲ್ಪ ಹೊತ್ತಿಗೆ ಆ ಕೂಗು ನರಳಿಕೆಗೆ ಇಳಿಯಿತು. ಸಂಜೆ ಮಗಳು ಹುಟ್ಟಿದಳು.

ಧಾರವಾಡಕ್ಕೆ ಮರಳಿದವನೇ ಕಪಾಟು ಕೆದರಿ ಆ ಪುಸ್ತಕ ಹುಡುಕಿದೆ. ಹೊಟ್ಟೆಯನ್ನು ಹಿಚುಕಬಾರದು ಎಂಬ ಒಂದು ಸಾಲಿದೆ. ಸೊಂಟದ ಮಾತೇ ಇಲ್ಲ. ಹಾಗಾದರೆ ನಾನು ಓದಿದ್ದೇನು? ಓದಿದ್ದೆನೇ?

ಇನ್ನೂ ಒಂದಿದೆ. ಫಕೀರವ್ವ ಹೊರಗೆ ಕೂತದ್ದು ಬರೀ ಅರ್ಧ ತಾಸು ಎಂದೇ ಗೆಳೆಯರಿಗೆ ಹೇಳುತ್ತ ಬಂದಿದ್ದೆ. ಅದೂ ಸುಳ್ಳೆಂದು ಎಣಿಸಿರಲಿಲ್ಲ. ಹೋದ ರವಿವಾರ ಕುಬಿಹಾಳಕ್ಕೆ ಹೋದಾಗ ಅತ್ತೆಯನ್ನು ಕೇಳಿದೆ. "ಮೂರು ತಾಸು ಆತ್ರಿ," ಎಂದರು, ಮುಖ ನೋಡದೆ. ನನ್ನ ನೆನಪು ತಪ್ಪಿದಾಗಲೆಲ್ಲ ನನ್ನ ಕಡೆಗೇ ಯಾಕೆ ವಾಲುತ್ತದೆ?

ಗಿರಿಜಾ ಕೂಸಿನ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು. ತಪ್ಪಾಯಿತು ಎಂದೆ. ಪುಸ್ತಕದ ಸಾಲು, ಅತ್ತೆಯ ಮೂರು ತಾಸು, ಎಲ್ಲ ವಿವರಿಸತೊಡಗಿದೆ.

"ಅದನ್ನ ಇನ್ನೂ ಹುಡುಕಾಕತ್ತೀರೇನು?" ಎಂದಳು. "ಅಕಿ ಕೈ ಇದ್ದಾಗ ಹೆಂಗೋ ತಡಕೊಂಡಿದ್ದೆ. ಬಿಟ್ಟಾಗ ಸತ್ತೇ ಹೋಗ್ತೀನಿ ಅನಿಸ್ತು. ಬಾಗಲಾಗ ನಿಂತು ನನ್ನ ಒಂದ್ ಮಾತು ಕೇಳಿದ್ರ ಹೇಳ್ತಿದ್ನಲ್ರಿ."

ಪಂಚಾಂಗದಿಂದ ಹಿಡಿದು ದೇವರವರೆಗೆ ಎಲ್ಲವನ್ನೂ ಪ್ರಶ್ನಿಸುವವನು ನಾನು. ಆ ಮೂರು ತಾಸಿನಲ್ಲಿ ಹೆಂಡತಿಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.