ಮೇಸ್ತ್ರಿ ಕಾಕಾ ಕಟ್ಟಿದ ನಾಲ್ಕು ಗಾಲಿಯ ಗಾಡಿ

ಹೋದ ತಿಂಗಳು ಹಾನಗಲ್ಲಿನ ನಮ್ಮ ಕಾಲೇಜಿನ ಅಂಗಳಕ್ಕೆ ಹುಲ್ಲು ಕತ್ತರಿಸುವವನು ಬಂದಿದ್ದ. ಹೆಗಲಿಗೆ ತೂಗುಹಾಕಿಕೊಳ್ಳುವ ಯಂತ್ರ. ದಾರ ಎಳೆದ ಕೂಡಲೇ ಅದು ನೀಲಿ ಹೊಗೆ ಉಗುಳಿತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟಾಗ ಬರುವ ವಾಸನೆ... ಈಗಿನ ಬೈಕುಗಳಲ್ಲಿ ಅದಿಲ್ಲ. ಜೊತೆಯ ಅಧ್ಯಾಪಕಿಯರು ಮೂಗಿಗೆ ಸೆರಗು ಹಿಡಿದು ಕಿಟಕಿ ಮುಚ್ಚಲು ಎದ್ದರು. ಇರಲಿ ಬಿಡ್ರಿ ಎಂದೆ. ಯಾಕೆಂದು ಅವರಿಗೆ ಹೇಳಲು ಹೋಗಿದ್ದರೆ ಒಂದು ಪಿರಿಯಡ್ ಸಾಲುತ್ತಿರಲಿಲ್ಲ.

ನಮ್ಮದು ಸವಣೂರು. ಅಜ್ಜ ಮಠದಲ್ಲಿ ಪಾಠ ಹೇಳುತ್ತಿದ್ದರು. ಅಪ್ಪನಿಗೆ ಹುಬ್ಬಳ್ಳಿಯಲ್ಲಿ ನೌಕರಿ, ವಾರಕ್ಕೊಮ್ಮೆ ಬರುವವರು. ನಮ್ಮ ಓಣಿ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ ಒಂದು ತಗಡಿನ ಶೆಡ್ಡು ಇತ್ತು. ಎಲೆಬಳ್ಳಿ ತೋಟದವರ ಪಂಪ್‌ಸೆಟ್ಟು, ಮಾಸ್ತರರ ಮೊಪೆಡ್ಡು, ಯಾವುದು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಅದರ ಯಜಮಾನರನ್ನು ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು, ನಾನು ಕಾಕಾ ಎನ್ನುತ್ತಿದ್ದೆ. ಎತ್ತರದ ಆಳು, ಮಾತು ಕಡಿಮೆ. ಅವರ ಹೆಣ್ಣುಮಕ್ಕಳ ಮದುವೆಗಳಾಗಿ ಮನೆಯಲ್ಲಿ ಅವರೂ ಕಾಕಿಯೂ ಇಬ್ಬರೇ ಇದ್ದರು.

ನಾನಾಗ ಎರಡನೇ ಇಯತ್ತೆ. ಎಂಬತ್ತರ ದಶಕ ಅರ್ಧ ದಾಟಿತ್ತು. ವಯಸ್ಸಿಗೆ ತಕ್ಕ ಬೆಳವಣಿಗೆ ಇರಲಿಲ್ಲ, ಬಾಯಿ ಮಾತ್ರ ಬೆಳೆದಿತ್ತು. ಶಾಲೆ ಬಿಟ್ಟ ಮೇಲೆ ಆ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕುಳಿತು ಇದೇನು, ಅದ್ಯಾಕೆ ಎಂದು ಕೇಳುವುದು ನನ್ನ ಕೆಲಸ. ಬೇರೆಯವರು ಓಡಿಸುತ್ತಿದ್ದರು. ಕಾಕಾ ಬೇಕಾದರೆ ಉತ್ತರ ಕೊಡುತ್ತಿದ್ದರು, ಬೇಡವಾದರೆ ಸುಮ್ಮನಿರುತ್ತಿದ್ದರು. ಎದ್ದು ಹೋಗು ಎಂದು ಒಮ್ಮೆಯೂ ಅನ್ನಲಿಲ್ಲ.

ಒಂದು ಸಂಜೆ ಅವರು ಖಾರಾ ಕಟ್ಟಿಸಿಕೊಂಡು ಬಂದಿದ್ದರು. ತಿಂದು ಕಾಗದ ಬಿಸಾಡುವಾಗ ಅದರ ಮೇಲಿನ ಚಿತ್ರ ಕಣ್ಣಿಗೆ ಬಿತ್ತು. ಯಾವುದೋ ದೇಶದ ಇಂಗ್ಲಿಷ್ ಪತ್ರಿಕೆಯ ಹಾಳೆ. ನನ್ನಷ್ಟೇ ಒಂದು ಮಗು, ತಲೆಗೆ ಬುಟ್ಟಿಯಂಥ ಟೊಪ್ಪಿಗೆ, ನಾಲ್ಕು ದಪ್ಪ ಗಾಲಿಯ ಪುಟ್ಟ ಮೋಟಾರ್ ಗಾಡಿಯ ಮೇಲೆ ಬಾಗಿ ಕುಳಿತಿದೆ, ಹಿಂದೆ ಧೂಳೋ ಧೂಳು. ಕಾಕಾ ಕಾಗದವನ್ನು ತೊಡೆಯ ಮೇಲೆ ಸವರಿ ಸಪಾಟು ಮಾಡಿ ನಮ್ಮ ಮನೆಗೇ ಬಂದರು.

"ಅಕ್ಕಾರ, ಇದರಾಗ ಏನ್ ಬರದಾರ ನೋಡ್ರಿ."

ಮೆಟ್ರಿಕ್ ತನಕ ಓದಿದ್ದ ಅವ್ವ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಓದಿ, "ಸಣ್ಣ ಹುಡುಗರ ರೇಸಿನ ಗಾಡಿ ಅಂತರಿ. ಹುಡುಗರ ಅಳತಿಗೇ ಮಾಡ್ತಾರಂತ" ಎಂದಳು. ಅಷ್ಟು ಓದಿ ಹೇಳಿದ್ದಕ್ಕೆ ಮುಂದೆ ಎಷ್ಟು ಸಲ ಪಶ್ಚಾತ್ತಾಪಪಟ್ಟಳೋ!

ಶೆಡ್ಡಿನಲ್ಲಿ ಅಪಘಾತಕ್ಕೆ ಸಿಕ್ಕ ಮೊಪೆಡ್ಡೊಂದು ಬಿದ್ದಿತ್ತು. ಅದರ ಎಂಜಿನ್ ಹೊರಬಂತು. ಹಳೆಯ ಪೈಪುಗಳನ್ನು ಬೆಸೆದು ಹಂದರವಾಯಿತು. ತೋಟಕ್ಕೆ ಔಷಧ ಒಯ್ಯುವ ಕೈಗಾಡಿಗಳಿಂದ ನಾಲ್ಕು ಗಾಲಿ ಬಂದವು. ಗಾಡಿ ತಯಾರಾಗುವುದು ಕಷ್ಟವಾಗಲಿಲ್ಲ. ಅದನ್ನು ಒಂದು ಮಗುವಿಗೆ ಹೊಂದಿಸುವುದೇ ಕಷ್ಟವಾಯಿತು. ಆ ಮಗು ಯಾರಾಗಬೇಕೆಂದು ಕಾಕಾ ಆಗಲೇ ಗೊತ್ತು ಮಾಡಿಕೊಂಡಿದ್ದರು.

"ಓಣ್ಯಾಗ ಗಂಡುಹುಡುಗರು ಇಲ್ಲೇನ್ರಿ?" ಎಂದು, ನನ್ನನ್ನು ಕಳಿಸಿ ಎನ್ನಲು ಬಂದ ಕಾಕಾನನ್ನು ಅವ್ವ ಕೇಳಿದಳು.

"ಅದಾರ್ರಿ. ಅವರು ಓಡಸ್ತಾರ, ಆದ್ರ ಹೆಂಗಾತು ಅಂತ ಹೇಳಂಗಿಲ್ಲ. ಈಕಿ ಹೇಳ್ತಾಳ."

ಅವ್ವ ಒಂದೇ ಪ್ರಶ್ನೆ ಹಾಕಿದಳು. "ಇಕಿ ಬಿದ್ಲಂದ್ರ ಗಾಡಿ ಏನ್ ಮಾಡ್ತದ?"

"ಅದನ್ನ ವಿಚಾರ ಮಾಡಿಲ್ರಿ. ಮಾಡ್ಕೊಂಡ ಬರ್ತೇನಿ" ಎಂದು ಕಾಕಾ ಎದ್ದುಹೋದರು. ಕೆಲವು ದಿನಗಳ ಮೇಲೆ ಬಂದು ಅವ್ವನನ್ನು ಶೆಡ್ಡಿಗೆ ಕರೆದೊಯ್ದರು. ಪ್ಲಗ್ಗಿನ ವಾಯರಿಗೆ ಒಂದು ನೂಲಿನ ಹಗ್ಗ ಕಟ್ಟಿದ್ದರು. ಅದರ ಇನ್ನೊಂದು ತುದಿ ನನ್ನ ಮಣಿಕಟ್ಟಿಗೆ. ನಾನು ಗಾಡಿಯಿಂದ ದೂರ ಬಿದ್ದರೆ ವಾಯರು ಕಿತ್ತು ಬಂದು ಎಂಜಿನ್ ಸಾಯುತ್ತದೆ. ಅವ್ವ ತಾನೇ ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಕಾಕಾ ಅವಳಿಗೆ ಮೆಲ್ಲಗೆ ಏನೋ ಹೇಳಿದರು. ನನಗೆ ಕೇಳಿಸಲಿಲ್ಲ.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಸೋಜಿಗವೆನಿಸುತ್ತದೆ. ಕಾಕಾ ದಾರ ಹಿಡಿದು ನನ್ನ ತೋಳಿನ ಅಳತೆ ತೆಗೆದರು. ಕಿರಾಣಿ ಅಂಗಡಿಯ ದೊಡ್ಡ ತಕ್ಕಡಿಯಲ್ಲಿ ಬೆಲ್ಲದ ಪೆಂಟೆಯಂತೆ ಕೂರಿಸಿ ತೂಗಿಸಿದರು. ನನ್ನ ಭಾರಕ್ಕೆ ಮೊಪೆಡ್ಡಿನ ಸ್ಪ್ರಿಂಗು ಬಾಗುತ್ತಲೇ ಇರಲಿಲ್ಲ, ಸಣ್ಣ ಕಲ್ಲು ಸಿಕ್ಕರೂ ಗಾಡಿ ಹಾರುತ್ತಿತ್ತು. ಸೈಕಲ್ ಸೀಟಿನ ಸ್ಪ್ರಿಂಗು ಹಾಕಿದರು. ಬ್ರೇಕಿಗೆ ನನ್ನ ಬೆರಳು ಎಟುಕಲಿಲ್ಲ. ಹಿಡಿಕೆಯನ್ನು ಕಾಯಿಸಿ ಒಳಕ್ಕೆ ಬಾಗಿಸಿದರು. ಎಕ್ಸಿಲರೇಟರು ಪೂರ್ತಿ ತಿರುಗದಂತೆ ಒಂದು ಸ್ಕ್ರೂ ಕೂರಿಸಿದರು. ಅದನ್ನು ಬಿಚ್ಚಿದಷ್ಟೂ ವೇಗ, ಬಿಗಿದಷ್ಟೂ ನಿಧಾನ.

ತೋಟದ ಪಕ್ಕದ ಬಯಲಿನಲ್ಲಿ ಒಂದು ಸುತ್ತು ಹಾಕಿ ಬಂದರೆ ಕಾಕಾ ಕುಕ್ಕರುಗಾಲಲ್ಲಿ ಕುಳಿತು, ಮುಖ ನನ್ನ ಮುಖಕ್ಕೆ ಸರಿಯಾಗಿ ಹಿಡಿದು ಕೇಳುತ್ತಿದ್ದರು. "ಹೆಂಗಾತು?"

"ಕೈಯಾಗ ಇರುವಿ ಹರದಾಡಿಧಂಗ ಆಗ್ತದ" ಎಂದರೆ ಹಿಡಿಕೆಗೆ ಟ್ಯೂಬಿನ ರಬ್ಬರು ಸುತ್ತುತ್ತಿದ್ದರು. "ನಾ ಸೀದಾ ಹೊಂಟ್ರೂ ಇದು ತೋಟದ ಕಡೆನ ನೋಡ್ತದ" ಎಂದರೆ ನೆಲಕ್ಕೆ ಕೆನ್ನೆ ತಾಗಿಸಿ ಮುಂದಿನ ಗಾಲಿಗಳನ್ನು ದಿಟ್ಟಿಸಿ, ಬೋಲ್ಟು ಸಡಿಲಿಸಿ ಸರಿಪಡಿಸುತ್ತಿದ್ದರು. ನಗುತ್ತಿರಲಿಲ್ಲ. ನನ್ನ ಮಾತನ್ನು ಯಾರಾದರೂ ಹಾಗೆ ಕೈಗೆ ತೆಗೆದುಕೊಂಡು ಕೆಲಸಕ್ಕೆ ಹಚ್ಚಿದ್ದು ಅದೇ ಮೊದಲು. ಅಜ್ಜನೂ ಕೆಲವು ಸಂಜೆ ಬಂದು ಕಟ್ಟೆಯ ಮೇಲೆ ಕುಳಿತು, "ಇವತ್ತೇನು ತಕರಾರ ಅಂತ ಗಾಡೀದು?" ಎಂದು ವಿಚಾರಿಸುತ್ತಿದ್ದರು.

ಒಮ್ಮೆ ತಿರುವಿನಲ್ಲಿ ಒಂದು ಗಾಲಿ ಎದ್ದಿತು. ನಾನು ಕೆಳಗೆ ಬಿದ್ದೆ. ಹಗ್ಗ ಜಗ್ಗಿತು, ಸದ್ದು ನಿಂತಿತು. ಅವ್ವ ಓಡಿ ಬಂದವಳು ನನ್ನ ಮೈ ಮುಟ್ಟಿ ಮುಟ್ಟಿ ನೋಡಿದಳು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನಿಂತಿದ್ದ ಗಾಡಿಯ ಕಡೆ ನೋಡಿ, "ನಿಂತದ ಅಲ್ಲ" ಎಂದಳು. ಅಷ್ಟೇ.

ಸುದ್ದಿ ಚಿಕ್ಕೇರೂರಿಗೆ ಹೋಯಿತು. ಅಲ್ಲೊಬ್ಬರು ಮೇಸ್ತ್ರಿ ಇದ್ದರು, ಹುಬ್ಬಳ್ಳಿಯ ಒಬ್ಬರೇ ಉಸ್ತಾದರ ಹತ್ತಿರ ಕಾಕಾನ ಜೊತೆ ಕೆಲಸ ಕಲಿತವರು. ಅವರೂ ತಮ್ಮ ಮಗನಿಗಾಗಿ ಒಂದು ಗಾಡಿ ಕಟ್ಟಿದರು. ಸುಗ್ಗಿ ಮುಗಿದ ಮೇಲೆ ಅಲ್ಲಿ ಎತ್ತುಗಳ ಖಾಲಿ ಗಾಡಿ ಓಡಿಸುವ ಸ್ಪರ್ಧೆ ಇರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಇವೆರಡನ್ನೂ ಓಡಿಸುವುದೆಂದು ಮಾತಾಯಿತು. ಎಲೆ ಸಾಗಿಸುವ ಟೆಂಪೋದಲ್ಲಿ ಗಾಡಿ ಏರಿಸಿಕೊಂಡು ಹೋದೆವು. ಅವ್ವನೂ ಬಂದಳು.

ಬಯಲಿನ ತುಂಬ ಮಂದಿ. ಆ ಹುಡುಗ ನನಗಿಂತ ಗೇಣುದ್ದ ಎತ್ತರ, ಅವನ ಗಾಡಿಗೆ ಕೆಂಪು ಬಣ್ಣ. ಸ್ಪರ್ಧೆಗೆ ಮೊದಲು ಪರೀಕ್ಷೆಗೆಂದು ಅದು ಒಂದು ಸುತ್ತು ಹಾಕಿದಾಗ ಮಂದಿ ಸಿಳ್ಳೆ ಹೊಡೆದರು. ನನ್ನದು ಹೊರಟಾಗ ಚಿಕ್ಕೇರೂರಿನ ಮೇಸ್ತ್ರಿ ಕೈ ಸೊಂಟಕ್ಕಿಟ್ಟು, "ಏನಲೇ, ಗಾಡಿ ತಂದೀಯೋ ತೊಟ್ಟಿಲಾ ತಂದೀಯೋ?" ಎಂದರು. ಎಲ್ಲರೂ ನಕ್ಕರು.

ಕಾಕಾನ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಅವರು ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದರು. ಅವ್ವನ ಕಡೆ ನೋಡದೆ ವೇಗ ತಡೆಯುವ ಆ ಸ್ಕ್ರೂ ಬಿಚ್ಚಿದರು. "ಒಂದು ಸುತ್ತು ಹೋಗಿ ಬಾ ತಂಗಿ."

ಹೋದೆ. ಗಾಳಿ ಕಣ್ಣಿಗೆ ಹೊಡೆಯಿತು. ಎತ್ತಿನ ಗಾಡಿಗಳು ಕೊರೆದ ಗುಂಡಿಗಳ ಮೇಲೆ ಗಾಡಿ ಎಲ್ಲಿ ಇಳಿಯುತ್ತದೋ ಎಂದು ತಿಳಿಯುತ್ತಿರಲಿಲ್ಲ. ಮರಳಿ ಬಂದಾಗ ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು. ಕಾಕಾ ಕುಕ್ಕರುಗಾಲಲ್ಲಿ ಕುಳಿತರು. ಸುತ್ತ ಅಷ್ಟು ಮಂದಿ ಇದ್ದರೂ ಯಾವತ್ತಿನ ಹಾಗೆಯೇ ಕೇಳಿದರು.

"ಹೆಂಗಾತು?"

"ಗಾಡಿ ನನ್ನ ಬಿಟ್ಟು ಮುಂದ ಹೋಗ್ಲಿಕ್ಕೆ ಹತ್ತದ, ಕಾಕಾ."

"ಭಾಳ?"

"ಭಾಳ."

ಅವರು ಮತ್ತೆ ಸ್ಕ್ರೂಡ್ರೈವರ್ ತೆಗೆದರು. ಸ್ಕ್ರೂವನ್ನು ಮೊದಲಿದ್ದಲ್ಲಿಗೇ ಬಿಗಿದರು.

"ಸೋಲ್ತೀ ನೋಡು" ಎಂದರು ಚಿಕ್ಕೇರೂರಿನವರು.

"ಸೋಲೂಣ ಬಿಡು. ಓಡ್ಸಾಕಿ ಹೇಳ್ಯಾಳ."

ಸೋತೆವು. ಸ್ವಲ್ಪದರಲ್ಲಿ ಅಲ್ಲ, ಚೆನ್ನಾಗಿಯೇ ಸೋತೆವು. ನಾನು ಕೊನೆಯ ತಿರುವು ದಾಟಿ ಬರುವಷ್ಟರಲ್ಲಿ ಆ ಹುಡುಗ ಗಾಡಿಯಿಂದಿಳಿದು ಚುರುಮುರಿ ತಿನ್ನುತ್ತಿದ್ದ. ವಾಪಸ್ಸು ಟೆಂಪೋದಲ್ಲಿ ಕಾಕಾ ಮಾತಾಡಲಿಲ್ಲ. ಸಿಟ್ಟಾಗಿದ್ದಾರೆಂದು ನಾನು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹಾವೇರಿ ದಾಟಿದ ಮೇಲೆ ಅವರ ದನಿ ಕೇಳಿತು. "ತಂಗಿ, ಆ ಕಡೀ ತಿರುವಿನ್ಯಾಗ ಹೆಂಗ ಹೋತು, ಹೇಳು." ಹೇಳಿದೆ. ಸವಣೂರು ಬರುವ ತನಕ ಹೇಳುತ್ತಲೇ ಇದ್ದೆ.

ಮರುವರ್ಷ ನನ್ನ ಮೊಣಕಾಲು ಹ್ಯಾಂಡಲ್ಲಿಗೆ ತಾಗತೊಡಗಿತು. ಕಾಕಾ ಎಂಜಿನ್ ಬಿಚ್ಚಿ ಯಾರದೋ ತೋಟದ ಔಷಧ ಪಂಪಿಗೆ ಹಾಕಿಕೊಟ್ಟರು. ನಾನು ಅಳಲಿಲ್ಲ, ಅದು ಹೇಗೆ ನೀರೆತ್ತುತ್ತದೆಂದು ನೋಡಲು ಹೋದೆ. ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಅವರು ತೀರಿಕೊಂಡರು. ಪರೀಕ್ಷೆ ಇದೆಯೆಂದು ಮನೆಯವರು ತಿಳಿಸಲಿಲ್ಲ...

ಹುಲ್ಲಿನವನು ಬಂದ ವಾರದ ರವಿವಾರ ಸವಣೂರಿಗೆ ಹೋಗಿದ್ದೆ. ಕಾಕಿಗೆ ಈಗ ಕಣ್ಣು ಮಂಜು. ದನಿಯ ಮೇಲೆ ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು. ಅವತ್ತು ಸೋತದ್ದಕ್ಕೆ ಕಾಕಾಗೆ ಬೇಜಾರಾಗಿತ್ತೇ ಎಂದು ಕೇಳಿದೆ. ಎಷ್ಟೋ ವರ್ಷಗಳಿಂದ ಕೇಳಬೇಕೆಂದಿದ್ದ ಪ್ರಶ್ನೆ.

"ಬ್ಯಾಸರಾ? ಇಲ್ಲವಾ. ಅದಕಿಂತ ಮುಂಚೆ ಎಂಟ ದಿನ ನಿದ್ದಿ ಇರಲಿಲ್ಲ ಅವರಿಗೆ. ಪರರ ಕೂಸು, ಏನರ ಆದ್ರ ನಾ ಈ ಓಣ್ಯಾಗ ಇರಂಗಿಲ್ಲ ಅಂತ ನಿಮ್ಮವ್ವಗ ಮಾತು ಕೊಟ್ಟಿದ್ರು. ಅವತ್ತ ಬಂದವರೇ ಹೊಟ್ಟಿತುಂಬ ಉಂಡು ಮಕ್ಕೊಂಡ್ರು ನೋಡು, ಮರುದಿನ ಬಿಸಲ ಏರೂತನ ಏಳಲಿಲ್ಲ."

ಆ ಬಯಲಿನಲ್ಲಿ ಹೆದರಿದ್ದವಳು ನಾನೊಬ್ಬಳೇ ಎಂದು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಕಾಕಾಗೆ ಏನೂ ಹೇಳುವಂತಿಲ್ಲ ಈಗ. ಕಾಕಿಯ ಪಕ್ಕದಲ್ಲಿ ಬಹಳ ಹೊತ್ತು ಕುಳಿತಿದ್ದೆ.